ಹಗಲು ಕಿತ್ತಳೆ, ರಾತ್ರಿ ನಕ್ಷತ್ರ: ಆಸ್ಟ್ರೇಲಿಯಾದ ಸೀಸನ್ ಕೆಲಸದಲ್ಲಿ ಆಕಾಶವನ್ನೂ ಜೊತೆಗಾರರನ್ನೂ ಗಳಿಸುವುದು ಹೇಗೆ

ಆಸ್ಟ್ರೇಲಿಯಾದ ತೋಟಗಳಿಗೆ ಸೀಸನ್ ಕೆಲಸಕ್ಕೆ ಹೋದ ನಮ್ಮವರು ನನ್ನ ಹತ್ತಿರ ಹೇಳಿಕೊಳ್ಳುವ ಗೋಳು ಎರಡೇ ಬಗೆಯದು. ಒಬ್ಬರು, "ಅಷ್ಟು ಕತ್ತಲಿರೋ ಊರಲ್ಲಿ ನಾಲ್ಕು ತಿಂಗಳಿದ್ದೆ, ನೆಟ್ಟಗೆ ಒಂದು ರಾತ್ರಿ ಆಕಾಶ ನೋಡಲಿಲ್ಲ" ಅನ್ನುತ್ತಾರೆ. ಇನ್ನೊಬ್ಬರದು ಅದರ ತಿರುಗಾಮುರುಗ: "ದಿನಾ ಒಬ್ಬನೇ ಹೋಗಿ ನೋಡ್ತಿದ್ದೆ, ಹಾಸ್ಟೆಲ್ಲಲ್ಲಿ ಪಕ್ಕದ ಮಂಚದವನ ಹೆಸರೂ ಗೊತ್ತಾಗಲಿಲ್ಲ." ಇಬ್ಬರೂ ಜನರಿಗೊಂದು ಸಂಜೆ, ನಕ್ಷತ್ರಕ್ಕೊಂದು ಸಂಜೆ ಎಂದು ಪಾಲು ಮಾಡಲು ಹೋಗಿ ಕೆಟ್ಟವರು. ತೋಟದ ಕೆಲಸ ಮಾಡುವ ಮೈಗೆ ವಾರಕ್ಕೆ ಸಿಗುವುದು ಒಂದೇ ಸಂಜೆ. ಎರಡೂ ಅದರಲ್ಲೇ ಆಗಬೇಕು.

ನಾನು 2025ರ ಜೂನ್‌ನಿಂದ ನವೆಂಬರ್‌ವರೆಗೆ ಸೌತ್ ಆಸ್ಟ್ರೇಲಿಯಾದ ರಿವರ್‌ಲ್ಯಾಂಡಿನಲ್ಲಿ ಕಿತ್ತಳೆ ಕೊಯ್ಲಿನಲ್ಲಿದ್ದೆ. ಮರ್ರೆ ನದಿಯ ದಂಡೆಯ ರೆನ್‌ಮಾರ್ಕ್, ಬೆರ್ರಿ, ಲಾಕ್ಸ್‌ಟನ್, ಬಾರ್ಮೆರಾ, ವೈಕೆರಿ ಊರುಗಳ ಸೀಮೆ ಅದು. ಅಡಿಲೇಡ್‌ನಿಂದ ರೆನ್‌ಮಾರ್ಕ್‌ಗೆ ಸುಮಾರು 250 ಕಿ.ಮೀ. ಉದಾಹರಣೆಗಳೆಲ್ಲ ಅಲ್ಲಿಯವೇ. ಬೇರೆ ಸೀಮೆಗೆ ಹೋಗುವವರು ತಿಂಗಳು, ಬೆಳೆ ಬದಲಿಸಿಕೊಂಡರೆ ಸಾಕು, ಕ್ರಮ ಇದೇ.

## ಹಂತ 1: ಕೆಲಸ ಒಪ್ಪುವ ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆ

ವೀಸಾದ ಮಾತು ಚುಟುಕಾಗಿ. ಭಾರತೀಯರಿಗೆ ವರ್ಕ್ ಅಂಡ್ ಹಾಲಿಡೇ ವೀಸಾ (ಸಬ್‌ಕ್ಲಾಸ್ 462) ತೆರೆದದ್ದು 2024ರಲ್ಲಿ. ವರ್ಷಕ್ಕೆ 1,000 ಜಾಗ, ಚೀಟಿ ಎತ್ತಿ ಆಯ್ಕೆ, ವಯಸ್ಸು 18ರಿಂದ 30. ಸಾಮಾನ್ಯವಾಗಿ ಒಬ್ಬ ಮಾಲೀಕನ ಹತ್ತಿರ ಆರು ತಿಂಗಳಿಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಎರಡನೇ ವರ್ಷದ ವೀಸಾ ಬೇಕಿದ್ದರೆ ಗೊತ್ತುಪಡಿಸಿದ ಪ್ರದೇಶದಲ್ಲಿ, ಗೊತ್ತುಪಡಿಸಿದ ಬಗೆಯ ಕೆಲಸವನ್ನು ಮೂರು ತಿಂಗಳು ಮಾಡಿರಬೇಕು. ಊರಿನ ಪೋಸ್ಟ್‌ಕೋಡ್ ಆ ಪಟ್ಟಿಯಲ್ಲಿದೆಯೇ ಎಂದು ಹೋಗುವ ಮೊದಲೇ ನೋಡಿ, ಹೋದ ಮೇಲಲ್ಲ.

ಕಾಂಟ್ರ್ಯಾಕ್ಟರ್ ಹತ್ತಿರ ಸಂಬಳ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಅದರ ಜೊತೆಗೆ ಇವನ್ನೂ ಕೇಳಿ: ವಸತಿ ಊರೊಳಗೋ ತೋಟದಲ್ಲೋ? ತೋಟಕ್ಕೆ ವ್ಯಾನ್ ಯಾರದು, ಭಾನುವಾರ ಅದು ಓಡುತ್ತದೆಯೇ? ಅಡುಗೆಮನೆ ಎಷ್ಟು ಜನಕ್ಕೆ? ರಜೆ ಯಾವ ದಿನ, ಎಲ್ಲರಿಗೂ ಒಂದೇ ದಿನವೇ?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಒಂದೇ ಹಾಸ್ಟೆಲ್ಲಿನಲ್ಲಿ ಮೂರು ಕಾಂಟ್ರ್ಯಾಕ್ಟರ್‌ಗಳ ಜನ ಮೂರು ಬೇರೆ ದಿನ ರಜೆ ತೆಗೆದುಕೊಂಡರೆ ನಿಮ್ಮ ಯೋಜನೆಗೆ ಜನವೇ ಸಿಗುವುದಿಲ್ಲ. ವಸತಿಯ ವಿಷಯದಲ್ಲಿ ಹೊಸಬರಿಗೆ ಊರೊಳಗಿನ ಹಾಸ್ಟೆಲ್ಲೇ ಮೇಲು ಎಂಬುದು ನನ್ನ ಅಭಿಪ್ರಾಯ. ತೋಟದ ಮಧ್ಯದ ಕೋಣೆಯಲ್ಲಿ ಆಕಾಶ ಬಾಗಿಲಲ್ಲೇ ಇರುತ್ತದೆ, ನಿಜ. ಆದರೆ ಒಂದು ಪ್ಯಾಕೆಟ್ ಹಾಲಿಗೂ ಇನ್ನೊಬ್ಬರ ಕಾರು ಕಾಯಬೇಕಾಗುತ್ತದೆ.

## ಹಂತ 2: ಪಂಚಾಂಗ ತೆಗೆಯಿರಿ

ಇಲ್ಲಿಯೇ ಹೆಚ್ಚಿನವರು ಎಡವುವುದು. ನಾನೂ ಎಡವಿದೆ. ಹೋದ ಹೊಸತರಲ್ಲಿ ಹುರುಪಿನಿಂದ ಎಂಟು ಜನರನ್ನು ಕರೆದುಕೊಂಡು ಹೋದದ್ದು ಗುರುಪೂರ್ಣಿಮೆ ಕಳೆದ ಶನಿವಾರ, ಜುಲೈ 12. ಕತ್ತಲಾಗುವ ಹೊತ್ತಿಗೇ ಪೂರ್ವದಲ್ಲಿ ತಟ್ಟೆಯಷ್ಟು ದೊಡ್ಡ ಚಂದ್ರ ಎದ್ದ. ಕಿತ್ತಳೆ ಗಿಡಗಳ ನೆರಳು ನೆಲದ ಮೇಲೆ ಗೆರೆ ಎಳೆದಂತೆ ಬಿದ್ದಿತ್ತು. ಆಕಾಶಗಂಗೆ ಎಲ್ಲಿ ಎಂದು ತೈವಾನಿನ ಹುಡುಗಿ ಕೇಳಿದಳು. ತೋರಿಸಲು ಏನೂ ಇರಲಿಲ್ಲ. ಮುಂದಿನ ಸಲ ಕರೆದಾಗ ಬಂದವರು ಮೂರೇ ಜನ.

ಲೆಕ್ಕ ಸುಲಭ, ನಮ್ಮ ಮನೆಯ ಗೋಡೆಯ ಮೇಲೇ ಇದೆ. ಬಹುಳ ಸಪ್ತಮಿಯಿಂದ ಶುದ್ಧ ತದಿಗೆಯವರೆಗಿನ ಸುಮಾರು ಹನ್ನೆರಡು ದಿನ ನಿಮ್ಮವು. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುವುದರಿಂದ ಸಪ್ತಮಿ-ಅಷ್ಟಮಿಯ ಹೊತ್ತಿಗೆ ನಡುರಾತ್ರಿಯ ಹತ್ತಿರ ಬರುತ್ತಾನೆ, ಸಂಜೆಯೆಲ್ಲ ಕತ್ತಲೆ. ಶುದ್ಧ ತದಿಗೆಯ ಗೆರೆಚಂದ್ರ ಬೇಗ ಮುಳುಗುತ್ತಾನೆ. ಈ ಹನ್ನೆರಡು ದಿನದೊಳಗೆ ಬರುವ ರಜೆಯ ಹಿಂದಿನ ರಾತ್ರಿಗೆ ಗುರುತು ಹಾಕಿ. ತಿಂಗಳಿಗೆ ಒಂದು, ಅದೃಷ್ಟವಿದ್ದರೆ ಎರಡು ಸಿಗುತ್ತದೆ. ಅದಕ್ಕಿಂತ ಹೆಚ್ಚಿಗೆ ಆಸೆಪಡಬೇಡಿ.

(ಅಮಾವಾಸ್ಯೆ ರಾತ್ರಿ ಹೊರಗೆ ಹೋಗಬೇಡ ಎಂದು ಅಮ್ಮ ಫೋನಿನಲ್ಲಿ ಹೇಳೇ ಹೇಳುತ್ತಾರೆ. ಅಮಾವಾಸ್ಯೆ ಕಳೆದ ಮರುದಿನವೋ ಅದರಾಚೆಯೋ ಹೋಗಿ, ಇಬ್ಬರ ಮಾತೂ ನಡೆಯುತ್ತದೆ. ನನ್ನ ಮೊದಲ ಒಳ್ಳೆಯ ರಾತ್ರಿ ಭೀಮನ ಅಮಾವಾಸ್ಯೆ ಕಳೆದ ಶನಿವಾರ, ಜುಲೈ 26.)

ಎರಡನೇ ಲೆಕ್ಕ ಗಡಿಯಾರದ್ದು. ಸೂರ್ಯ ಮುಳುಗಿದ ಮೇಲೆ ಪೂರ್ತಿ ಕತ್ತಲಾಗಲು ಆ ಸೀಮೆಯಲ್ಲಿ ಸುಮಾರು ಒಂದೂವರೆ ಗಂಟೆ ಬೇಕು. ಜುಲೈನಲ್ಲಿ ಏಳರ ಹೊತ್ತಿಗೆ ಗವ್ವೆನ್ನುವ ಕತ್ತಲು. ಡಿಸೆಂಬರ್-ಜನವರಿಯಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಸೂರ್ಯ ಎಂಟೂವರೆಗೆ ಮುಳುಗುತ್ತಾನೆ, ಪೂರ್ತಿ ಕತ್ತಲಿಗೆ ಹತ್ತು ದಾಟಬೇಕು. ಬೇಸಿಗೆಯಲ್ಲಿ ಬಿಸಿಲಿಗೆ ಹೆದರಿ ಬೆಳಕು ಹರಿಯುತ್ತಲೇ ಕೆಲಸ ಶುರುವಾಗುವುದರಿಂದ ಹತ್ತು ಗಂಟೆಯ ನಕ್ಷತ್ರ ಯಾರಿಗೂ ಬೇಡ. ಆಕಾಶದ ಆಸೆಯಿರುವವರು ಚಳಿಗಾಲದ ಸೀಸನ್ ಹಿಡಿಯಿರಿ: ಜೂನ್‌ನಿಂದ ಅಕ್ಟೋಬರ್, ನೇವಲ್ ಕಿತ್ತಳೆ.

ಕಿತ್ತಳೆ ಹಿಡಿಯಲು ಇನ್ನೊಂದು ಕಾರಣವೂ ಇದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹಣ್ಣಿನ ಮೇಲೆ ಇಬ್ಬನಿ ಇರುವಾಗ ಕೊಯ್ಯಿಸುವುದಿಲ್ಲ. ಒದ್ದೆ ಸಿಪ್ಪೆ ಬಿಗಿದುಕೊಂಡಿರುತ್ತದೆ, ಸ್ವಲ್ಪ ಅದುಮಿದರೂ ಎಣ್ಣೆಯ ಚೀಲ ಒಡೆದು ನಾಲ್ಕು ದಿನದಲ್ಲಿ ಅಲ್ಲಿ ಕಲೆ ಏಳುತ್ತದೆ. ಹಾಗಾಗಿ ಸೂಪರ್‌ವೈಸರ್ ಬೆಳಿಗ್ಗೆ ಗಿಡದೊಳಗೆ ಕೈ ಹಾಕಿ ಹಣ್ಣು ಮುಟ್ಟಿ ನೋಡುತ್ತಾನೆ. ತೇವ ಇದ್ದರೆ ಎಲ್ಲರೂ ಬಿನ್ನಿನ (ಕೊಯ್ದ ಹಣ್ಣು ತುಂಬುವ ದೊಡ್ಡ ಪೆಟ್ಟಿಗೆ) ಪಕ್ಕ ಕೂತು ಕಾಯುವುದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲೇ ಇಬ್ಬನಿ ಜೋರು. ನಕ್ಷತ್ರ ಚೆನ್ನಾಗಿ ಕಂಡ ರಾತ್ರಿಯ ಮರುದಿನ ಕೆಲಸ ತಡವಾಗಿ ಶುರುವಾಗುವುದೇ ಹೆಚ್ಚು. ಅಂಥ ರಾತ್ರಿ ಒಂದು ಗಂಟೆ ಹೆಚ್ಚು ಎದ್ದಿದ್ದರೆ ನಷ್ಟವಿಲ್ಲ.

## ಹಂತ 3: ಚೀಲಕ್ಕೆ ಏನು, ಏನು ಬೇಡ

ಟೆಲಿಸ್ಕೋಪ್ ಬೇಡ. ಕೊಂಡವರು ಮೂರು ತಿಂಗಳ ಮೇಲೆ ಅರ್ಧ ಬೆಲೆಗೆ ಮಾರಿ ಹೋಗುವುದನ್ನು ಕಂಡಿದ್ದೇನೆ. ಒಂದು 7×50 ಅಥವಾ 10×50 ಬೈನಾಕ್ಯುಲರ್ ಸಾಕು. ಐದು ಜನರ ಕೈ ದಾಟುತ್ತಾ ಹೋಗುವ ವಸ್ತು ಅದು. ಟೆಲಿಸ್ಕೋಪಿನ ಹಿಂದೆ ಒಬ್ಬ ಬಗ್ಗಿ ನಿಂತರೆ ಉಳಿದ ನಾಲ್ವರು ಚಳಿಯಲ್ಲಿ ಫೋನ್ ತೆಗೆಯುತ್ತಾರೆ.

ಕೆಂಪು ಬೆಳಕಿನ ತಲೆಟಾರ್ಚ್ ಇರಲಿ. ಸಿಗದಿದ್ದರೆ ಸಾದಾ ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಕಾಗದವನ್ನು ಎರಡು ಪದರ ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿ. ಕತ್ತಲಿಗೆ ಕಣ್ಣು ಒಗ್ಗಲು 20ರಿಂದ 30 ನಿಮಿಷ ಬೇಕು. ಒಬ್ಬರು ಒಂದು ಸಲ ಫೋನಿನ ಬಿಳಿ ಬೆಳಕು ಹಾಯಿಸಿದರೆ ಎಲ್ಲರಿಗೂ ಮತ್ತೆ ಮೊದಲಿನಿಂದ. ಆಕಾಶದ ನಕ್ಷೆ ತೋರಿಸುವ ಸ್ಟೆಲ್ಲೇರಿಯಂ ಆ್ಯಪ್ ಹಾಕಿಕೊಂಡು ಅದರ ಕೆಂಪು ರಾತ್ರಿ ಪರದೆಯನ್ನು ಹಗಲಲ್ಲೇ ಹೊಂದಿಸಿಡಿ.

ನೆಲಕ್ಕೆ ಹಾಸಲು ಟಾರ್ಪಾಲು, ಅದರ ಮೇಲೆ ಕಂಬಳಿ. ಟಾರ್ಪಾಲು ಮರೆತರೆ ಹತ್ತು ನಿಮಿಷಕ್ಕೆ ಕಂಬಳಿ ಒದ್ದೆ. ಜುಲೈ ರಾತ್ರಿ ತಾಪಮಾನ ಸೊನ್ನೆಯ ಹತ್ತಿರ ಇಳಿಯುತ್ತದೆ. "ಬೆಂಗಳೂರಿನ ಚಳಿ ತಡೆದವನು" ಎಂಬ ಜಂಬ ಅಲ್ಲಿ ನಡೆಯುವುದಿಲ್ಲ. ಉಣ್ಣೆ ಟೋಪಿ, ಎರಡು ಜೊತೆ ಕಾಲುಚೀಲ, ಬೂಟು. ಬೈನಾಕ್ಯುಲರಿನ ಗಾಜಿನ ಮೇಲೆ ಇಬ್ಬನಿ ಕೂತರೆ ಅಂಗಿಯಿಂದ ಒರೆಸಬೇಡಿ, ಗೆರೆ ಬೀಳುತ್ತದೆ. ಜಾಕೆಟ್ಟಿನೊಳಗೆ ಐದು ನಿಮಿಷ ಇಟ್ಟುಕೊಳ್ಳಿ.

ಊರಿನಿಂದ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯುವವರು ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ "ಆಹಾರ ಇದೆ" ಎಂದು ಬರೆದೇ ಬರೆಯಿರಿ. ಬರೆದರೆ ನೋಡಿ ಬಿಡುತ್ತಾರೆ, ಇಲ್ಲವೇ ಆ ಒಂದು ವಸ್ತುವನ್ನು ಎಸೆಯುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ದೊಡ್ಡದು, ವೀಸಾಕ್ಕೂ ಕುತ್ತು. ರಿವರ್‌ಲ್ಯಾಂಡಿಗೆ ಹೋಗುವ ದಾರಿಯಲ್ಲೂ ಇದೇ ಕಟ್ಟುನಿಟ್ಟು: ಹಣ್ಣುನೊಣದ ಭಯಕ್ಕೆ ಹೊರಗಿನ ತಾಜಾ ಹಣ್ಣನ್ನು ಒಳಗೆ ಒಯ್ಯುವಂತಿಲ್ಲ. ದಾರಿಗೆಂದು ಕೊಂಡ ಬಾಳೆಹಣ್ಣು, ಸೇಬನ್ನು ಹೆದ್ದಾರಿಯ ಬದಿಯ ತೊಟ್ಟಿಗೆ ಹಾಕಿಯೇ ಮುಂದೆ ಹೋಗಬೇಕು.

## ಹಂತ 4: ಮೊದಲ ಎರಡು ವಾರ ಆಕಾಶದ ಮಾತೆತ್ತಬೇಡಿ

ಬೆನ್ನು, ಭುಜ ಏಣಿಗೂ ಕೊಯ್ಲಿನ ಚೀಲದ ಭಾರಕ್ಕೂ ಒಗ್ಗಲು ಅಷ್ಟು ದಿನ ಬೇಕು. ಆ ಎರಡು ವಾರದಲ್ಲಿ ಜನರನ್ನು ಗುರುತು ಮಾಡಿಕೊಳ್ಳಿ.

ಗುರುತಾಗುವುದು ಎಲ್ಲಿ? ಪಬ್ಬಿನಲ್ಲಿ ಅಂದುಕೊಂಡರೆ ತಪ್ಪು. ಸ್ಮೋಕೋದಲ್ಲಿ. ಬೆಳಗಿನ ಕೆಲಸದ ನಡುವಿನ ಚಹಾ ಬಿಡುವಿಗೆ ಅಲ್ಲಿನ ಹೆಸರು ಅದು, ಸೇದದವರಿಗೂ ಸ್ಮೋಕೋನೇ. ನಮ್ಮವರು ಆ ಹದಿನೈದು ನಿಮಿಷ ಫೋನ್ ಹಿಡಿದು ಮರದ ನೆರಳಿಗೆ ಒಬ್ಬರೇ ಹೋಗುತ್ತಾರೆ. ಹೋಗಬೇಡಿ. ಬಿನ್ನಿನ ಹತ್ತಿರವೇ ಕೂರಿ. ಡಬ್ಬಿ ತೆರೆದು ಪಕ್ಕದವರಿಗೆ ಚಾಚಿ. ನನ್ನ ಗುಂಪಿನಲ್ಲಿ ತೈವಾನ್, ಜಪಾನ್, ಫ್ರಾನ್ಸಿನವರಿದ್ದರು, ಪಕ್ಕದ ಸಾಲಿನಲ್ಲಿ ವನುವಾಟು ದ್ವೀಪದವರು. ಚಿತ್ರಾನ್ನದ ಕಡಲೆಬೀಜವನ್ನು ಹೆಕ್ಕಿ ತಿಂದು, "ಹಳದಿ ಅನ್ನ ನಾಳೆಯೂ ತರುತ್ತೀಯಾ" ಎಂದು ಕೇಳಿದ ಜಪಾನಿ ಹುಡುಗನೇ ಕೊನೆಗೆ ನನ್ನ ಕಾರಿನ ಪಾಲುದಾರನಾದ.

ಅಡುಗೆಮನೆ ಎರಡನೇ ಜಾಗ, ಜಗಳಕ್ಕೂ ಅದೇ ಮೊದಲ ಜಾಗ. ಒಗ್ಗರಣೆಯ ಘಾಟಿಗೆ ಹೊಗೆಯ ಅಲಾರಾಂ ಹೊಡೆದುಕೊಂಡರೆ ಎಲ್ಲರೂ ಚಳಿಯಲ್ಲಿ ಹೊರಗೆ ನಿಲ್ಲಬೇಕು. ಎಕ್ಸಾಸ್ಟ್ ಹಾಕಿ, ಕಿಟಕಿ ತೆಗೆದು, ಆಮೇಲೆ ಸಾಸಿವೆ. ಬಾಣಲೆಯನ್ನು ತಿಂದ ತಕ್ಷಣ ತೊಳೆದಿಡಿ. ನಾಳೆ ತೊಳೆಯುತ್ತೇನೆ ಎಂದು ಸಿಂಕಿನಲ್ಲಿ ಬಿಟ್ಟವನ ಕರೆಗೆ ಯಾವ ನಕ್ಷತ್ರ ನೋಡಲೂ ಯಾರೂ ಬರುವುದಿಲ್ಲ.

ಸ್ಥಳೀಯರು ಮನೆಗೆ ಕರೆದು "ಬ್ರಿಂಗ್ ಎ ಪ್ಲೇಟ್" ಅಂದರೆ ತಟ್ಟೆ ತುಂಬ ತಿಂಡಿ ತಾ ಎಂದರ್ಥ. ಖಾಲಿ ತಟ್ಟೆ ಹಿಡಿದು ಹೋಗಬೇಡಿ. ಪಬ್ಬಿನಲ್ಲಿ "ಮೈ ಶೌಟ್" ಎಂದು ಒಬ್ಬರು ಎಲ್ಲರ ಗ್ಲಾಸಿನ ದುಡ್ಡು ಕೊಟ್ಟರೆ ಮುಂದಿನ ಸುತ್ತು ನಿಮ್ಮ ತಲೆಗೂ ಬರುತ್ತದೆ. ಕುಡಿಯದವರು ಮೊದಲ ಸುತ್ತಿಗೇ "ನಾನು ಸುತ್ತಿನಲ್ಲಿಲ್ಲ, ನಿಂಬೆ ಸೋಡಾ ನಾನೇ ತಗೋತೀನಿ" ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಾಲ್ಕು ಸುತ್ತು ಕುಡಿದು ಐದನೆಯದಕ್ಕೆ ಶೌಚಾಲಯಕ್ಕೆ ಹೋದವನನ್ನು ಮಾತ್ರ ಊರೇ ನೆನಪಿಡುತ್ತದೆ.

ಕನ್ನಡದವರು ಆ ಸೀಮೆಯಲ್ಲಿ ಅಪರೂಪ. ಪಂಜಾಬಿ ತೋಟಗಾರರು ಇದ್ದಾರೆ, ಗುರುದ್ವಾರದ ಲಂಗರಿನಲ್ಲಿ ಬಿಸಿ ರೊಟ್ಟಿ, ದಾಲ್ ಸಿಗುತ್ತದೆ. ಮೊದಲ ತಿಂಗಳ ಮನೆನೆನಪಿಗೆ ಒಳ್ಳೆಯ ಮದ್ದು. ಪ್ರತಿ ಭಾನುವಾರ ಅಲ್ಲೇ ಕಳೆದರೆ ಮಾತ್ರ ಪಕ್ಕದ ಮಂಚದವನ ಹೆಸರು ಗೊತ್ತಾಗದೇ ಉಳಿಯುತ್ತದೆ.

## ಹಂತ 5: ಜಾಗವನ್ನು ಹಗಲಲ್ಲಿ ಹುಡುಕಿ

ಮರ್ರೆ ನದಿಯ ಕೆಳಭಾಗದಲ್ಲಿ, ಸ್ವಾನ್ ರೀಚ್ ಸುತ್ತಮುತ್ತ, ರಿವರ್ ಮರ್ರೆ ಅಂತರರಾಷ್ಟ್ರೀಯ ಕತ್ತಲಾಕಾಶ ಮೀಸಲು ಪ್ರದೇಶವಿದೆ. 2019ರಲ್ಲಿ ಮಾನ್ಯತೆ ಸಿಕ್ಕಿತು. ವಿಸ್ತಾರ ಸುಮಾರು 3,200 ಚದರ ಕಿ.ಮೀ. ನಡುವಿನ ಮೌಂಟ್ ಲಾಫ್ಟಿ ಬೆಟ್ಟಸಾಲು ಅಡಿಲೇಡಿನ ಬೆಳಕನ್ನು ತಡೆಯುತ್ತದೆ. ಬೆರ್ರಿಯಿಂದ ಅದು ನೂರಕ್ಕೂ ಹೆಚ್ಚು ಕಿ.ಮೀ. ದೂರ. ಅಲ್ಲಿಗೆ ಸೀಸನ್ನಿಗೆ ಒಮ್ಮೆ, ಎರಡು ದಿನ ರಜೆ ಸಿಕ್ಕಾಗ, ಅಲ್ಲೇ ಉಳಿಯುವಂತೆ ಹೋಗಿ. ಕೆಲಸದ ವಾರದಲ್ಲಿ ರಾತ್ರೋರಾತ್ರಿ ಹೋಗಿ ಬರುತ್ತೇನೆ ಎಂಬುದು ಹುಚ್ಚು.

ತಿಂಗಳ ಮಾಮೂಲಿ ರಾತ್ರಿಗೆ ಊರಿನಿಂದ ಐದಾರು ಕಿ.ಮೀ. ಆಚೆ ಸಾಕು. ಹಗಲಲ್ಲಿ ಹೋಗಿ ಇಷ್ಟು ನೋಡಿ: ದಕ್ಷಿಣ ದಿಕ್ಕು ತೆರೆದಿದೆಯೇ, ಊರಿನ ದೀಪ ಬೆನ್ನಿಗೆ ಬೀಳುತ್ತದೆಯೇ, ಕಾರು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಬಹುದೇ, ಫೋನಿಗೆ ಸಿಗ್ನಲ್ ಇದೆಯೇ. ನದಿಗೆ ತೀರ ಹತ್ತಿರ ಬೇಡ, ಅಲ್ಲಿ ಮಂಜು ಬೇಗ ಮುಸುಕುತ್ತದೆ.

ಖಾಸಗಿ ತೋಟವಾದರೆ ಮಾಲೀಕರನ್ನು ಕೇಳಿ. "ರಾತ್ರಿ ಎಂಟರಿಂದ ಒಂಬತ್ತೂವರೆವರೆಗೆ, ಐದು ಜನ, ಬೆಂಕಿ ಹಚ್ಚುವುದಿಲ್ಲ, ಕುಡಿಯುವುದಿಲ್ಲ" ಎಂದು ನಾಲ್ಕು ಮಾತಿನಲ್ಲಿ ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕೇಳದೆ ಒಳಗೆ ಹೋಗಿ ಸಿಕ್ಕಿಬಿದ್ದರೆ ಕೆಲಸವೂ ಹೋದೀತು. ಗೇಟು ತೆರೆದಿದ್ದರೆ ತೆರೆದಿರಲಿ, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ಅಲ್ಲಿನ ರೈತರು ಇದರಲ್ಲೇ ಮನುಷ್ಯರನ್ನು ಅಳೆಯುತ್ತಾರೆ.

ಬೆಚ್ಚನೆಯ ತಿಂಗಳುಗಳಲ್ಲಿ ಎರಡು ಹೆಚ್ಚುವರಿ ಎಚ್ಚರ. ಬ್ರೌನ್ ಸ್ನೇಕ್ ಎಂಬ ಕಡುವಿಷದ ಹಾವಿದೆ: ಹುಲ್ಲಿನಲ್ಲಿ ಕೂರಬೇಡಿ, ಚಪ್ಪಲಿಯಲ್ಲಿ ಹೋಗಬೇಡಿ. ಟೋಟಲ್ ಫೈರ್ ಬ್ಯಾನ್, ಅಂದರೆ ಬೆಂಕಿಗೆ ಪೂರ್ತಿ ನಿಷೇಧ, ಘೋಷಿಸಿದ ದಿನ ಬಯಲಲ್ಲಿ ಚಹಾಕ್ಕೂ ಒಲೆ ಹಚ್ಚುವಂತಿಲ್ಲ.

## ಹಂತ 6: ಕರೆಯುವ ಬಗೆ

"ನಕ್ಷತ್ರ ನೋಡೋಣ ಬರ್ತೀಯಾ?" ಎಂದು ಒಬ್ಬರನ್ನೇ, ಅದರಲ್ಲೂ ಹುಡುಗಿಯೊಬ್ಬಳನ್ನು ಹುಡುಗ ಕೇಳಿದರೆ ಅದಕ್ಕೆ ಅಲ್ಲಿ ಬೇರೆಯೇ ಅರ್ಥ. ಆ ಅರ್ಥ ನಿಮ್ಮ ಮನಸ್ಸಿನಲ್ಲಿಲ್ಲದಿದ್ದರೆ ಎಲ್ಲರೂ ಇರುವಾಗ, ಅಡುಗೆಮನೆಯಲ್ಲಿ, ಗಟ್ಟಿಯಾಗಿ ಕೇಳಿ. ಕನಿಷ್ಠ ಮೂವರು, ಹೆಚ್ಚೆಂದರೆ ಆರು. ಆರಕ್ಕಿಂತ ಹೆಚ್ಚಾದರೆ ಎರಡು ಗುಂಪಾಗಿ ಒಂದು ಗುಂಪು ಪಾರ್ಟಿ ಶುರು ಮಾಡುತ್ತದೆ.

ಊಟ ಮೊದಲು, ಆಕಾಶ ಆಮೇಲೆ. ಹಸಿದವರು, ಚಳಿಯಾದವರು ಹತ್ತು ನಿಮಿಷಕ್ಕೆ ವಾಪಸ್ ಹೋಗೋಣ ಅನ್ನುತ್ತಾರೆ. ಹಾಸ್ಟೆಲ್ಲಿನಲ್ಲೇ ಆರೂವರೆಗೆ ಬಿಸಿ ಬಿಸಿ ಉಂಡು, ಫ್ಲಾಸ್ಕಿಗೆ ಶುಂಠಿ ಚಹಾ ತುಂಬಿಕೊಂಡು ಹೊರಡಿ. ಹೊರಡುವ ಹೊತ್ತು, ಮರಳುವ ಹೊತ್ತು ಎರಡನ್ನೂ ಮೊದಲೇ ಹೇಳಿ. "ಹತ್ತಕ್ಕೆ ಹಾಸಿಗೆಯಲ್ಲಿರ್ತೀರಿ" ಎಂಬ ಮಾತೇ ದಣಿದವರನ್ನು ಎಬ್ಬಿಸುವುದು. ಹೇಳಿದ ಹೊತ್ತಿಗೆ ಮರಳಿ, ಇಲ್ಲದಿದ್ದರೆ ಮುಂದಿನ ತಿಂಗಳು ಯಾರೂ ಬರುವುದಿಲ್ಲ.

ಓಡಿಸುವವರು ಯಾರೆಂದು ಸಂಜೆಯೇ ತೀರ್ಮಾನವಾಗಲಿ. ಅವರು ಒಂದು ಗುಟುಕೂ ಕುಡಿಯಬಾರದು. ರಕ್ತದಲ್ಲಿ ಮದ್ಯಕ್ಕೆ ಕಾನೂನಿನ ಮಿತಿ 0.05 ಎಂದು ಲೆಕ್ಕ ಹಾಕುತ್ತಾ ಕೂರುವುದು ಬೇಡ. ಮನೆಯಲ್ಲೇ ಉಳಿಯುವ ಒಬ್ಬರಿಗೆ ಜಾಗದ ಲೊಕೇಶನ್ ಕಳಿಸಿ, ಹತ್ತೂವರೆಗೆ ಬರದಿದ್ದರೆ ಫೋನ್ ಮಾಡು ಎಂದು ಹೇಳಿ ಹೋಗಿ. ಒಬ್ಬಳೇ ಹುಡುಗಿ ಗುಂಪಿನಲ್ಲಿದ್ದರೆ, ತನ್ನ ಗೆಳತಿಯನ್ನು ಕರೆತರಲು ನೀವೇ ಹೇಳಿ, ಅವಳು ಕೇಳುವವರೆಗೆ ಕಾಯಬೇಡಿ.

## ಹಂತ 7: ಆ ತೊಂಬತ್ತು ನಿಮಿಷ

ಮೊದಲ ಇಪ್ಪತ್ತು ನಿಮಿಷ ಏನನ್ನೂ ತೋರಿಸಬೇಡಿ. ಟಾರ್ಪಾಲು ಹಾಸಿ, ಎಲ್ಲರ ಫೋನನ್ನೂ ಒಂದು ಚೀಲಕ್ಕೆ ಹಾಕಿ (ತುರ್ತಿಗೆ ಒಂದು ಹೊರಗಿರಲಿ), ಚಹಾ ಬಗ್ಗಿಸಿ. ಕಣ್ಣು ತನ್ನಷ್ಟಕ್ಕೆ ಒಗ್ಗುತ್ತದೆ. ಮೋಡ ಬಂತು ಎಂದು ಯಾರಾದರೂ ತಲೆಯ ಮೇಲೆ ಬೆರಳು ತೋರಿಸಿದರೆ ಕಣ್ಣು ಒಗ್ಗಿತು ಎಂದರ್ಥ, ಆ ಮೋಡವೇ ಆಕಾಶಗಂಗೆ.

ಆಮೇಲೆ ದಕ್ಷಿಣ. ಕರ್ನಾಟಕದಲ್ಲಿ ಏಪ್ರಿಲ್-ಮೇ ರಾತ್ರಿ ದಕ್ಷಿಣ ದಿಗಂತದ ಅಂಚಿಗೆ ತೂಗಿಕೊಂಡಂತೆ ಕಾಣುವ ತ್ರಿಶಂಕು, ಜುಲೈ ಸಂಜೆ ಅಲ್ಲಿ ನೆತ್ತಿಯ ಕಡೆಗೆ ಏರಿ ನಿಂತಿರುತ್ತದೆ. ನಾಲ್ಕು ನಕ್ಷತ್ರದ ಶಿಲುಬೆ, ಪಕ್ಕದಲ್ಲಿ ಐದನೆಯದೊಂದು ಮಂಕು ಚುಕ್ಕೆ. ಅದಕ್ಕಿಂತ ದೊಡ್ಡದಾದ, ಮಂಕಾದ ಸುಳ್ಳು ಶಿಲುಬೆಯೂ ಒಂದಿದೆ. ಗುರುತು: ನಿಜವಾದದ್ದರ ಪಕ್ಕದಲ್ಲಿ ಎರಡು ಪ್ರಖರ ನಕ್ಷತ್ರಗಳು ಅದರ ಕಡೆಗೇ ಬೆರಳು ಮಾಡಿರುತ್ತವೆ. ಅವುಗಳಲ್ಲಿ ಹೆಚ್ಚು ಹೊಳೆಯುವುದು ಆಲ್ಫಾ ಸೆಂಟಾರಿ. ನಮ್ಮ ಸೂರ್ಯನನ್ನು ಬಿಟ್ಟರೆ ಬರಿಗಣ್ಣಿಗೆ ಕಾಣುವ ಅತಿ ಹತ್ತಿರದ ನಕ್ಷತ್ರ, ಸುಮಾರು 4.3 ಜ್ಯೋತಿರ್ವರ್ಷ.

ಅಲ್ಲಿ ಧ್ರುವ ನಕ್ಷತ್ರ ಕಾಣುವುದಿಲ್ಲ, ಹಾಗಾಗಿ ದಿಕ್ಕು ಹಿಡಿಯುವ ಉಪಾಯ ಎಲ್ಲರಿಗೂ ಹಿಡಿಸುತ್ತದೆ. ಶಿಲುಬೆಯ ಉದ್ದದ ಗೆರೆಯನ್ನು ಬುಡದ ಕಡೆಗೆ ಅದರ ನಾಲ್ಕೂವರೆಯಷ್ಟು ಚಾಚಿ. ಆ ಎರಡು ಪ್ರಖರ ನಕ್ಷತ್ರಗಳ ನಡುವಿನಿಂದ ಲಂಬವಾಗಿ ಇನ್ನೊಂದು ಗೆರೆ ಎಳೆಯಿರಿ. ಎರಡೂ ಕೂಡುವ ಕಡೆ ದಕ್ಷಿಣ ಧ್ರುವಬಿಂದು. ಅಲ್ಲಿಂದ ನೇರ ಕೆಳಗೆ ನೆಲ ಮುಟ್ಟಿದಲ್ಲಿ ದಕ್ಷಿಣ ದಿಕ್ಕು. ಹೇಳಿಕೊಡುವ ಬದಲು ಎಲ್ಲರೂ ಒಂದೊಂದು ಕಡ್ಡಿ ಹಿಡಿದು ತೋರಿಸಲಿ, ಆಮೇಲೆ ದಿಕ್ಸೂಚಿ ತೆಗೆಯಿರಿ. ಸೋತವರು ನಾಳೆ ಪಾತ್ರೆ ತೊಳೆಯುವುದು.

ಶಿಲುಬೆಯ ಪಕ್ಕದಲ್ಲೇ ನಕ್ಷತ್ರವಿಲ್ಲದ ಕಪ್ಪು ಮಚ್ಚೆಯೊಂದಿದೆ, ಕೋಲ್‌ಸ್ಯಾಕ್. ಆಸ್ಟ್ರೇಲಿಯಾದ ಹಲವು ಮೂಲನಿವಾಸಿ ಸಮುದಾಯಗಳಿಗೆ ಅದು ಎಮು ಹಕ್ಕಿಯ ತಲೆ. ಆಕಾಶಗಂಗೆಯ ಕಪ್ಪು ಪಟ್ಟಿಗಳ ಉದ್ದಕ್ಕೂ ಕುತ್ತಿಗೆ, ಹೊಟ್ಟೆ, ಕಾಲು. ಬೆಳಕಿನ ಚುಕ್ಕೆ ಜೋಡಿಸಿ ಚಿತ್ರ ಮಾಡಿ ಅಭ್ಯಾಸವಾದ ನಮಗೆ ಕತ್ತಲೆಯಲ್ಲಿ ಚಿತ್ರ ಕಾಣಲು ಐದು ನಿಮಿಷ ಹಿಡಿಯುತ್ತದೆ. ಒಮ್ಮೆ ಕಂಡರೆ ಮತ್ತೆ ಕಾಣದೇ ಇರುವುದಿಲ್ಲ.

ಪೂರ್ವದ ಕಡೆಯಿಂದ ನೆತ್ತಿಗೇರುವ ವೃಶ್ಚಿಕ, ಅದರ ಎದೆಯ ಕೆಂಪು ಜ್ಯೇಷ್ಠಾ. ಒಂಬತ್ತು ದಾಟಿದ ಮೇಲೆ ಅದು ತಲೆಯ ಮೇಲೇ ಇರುತ್ತದೆ. ಬೈನಾಕ್ಯುಲರ್ ಈಗ ತೆಗೆಯಿರಿ. ವೃಶ್ಚಿಕದ ಬಾಲದ ಕೊಂಡಿಯ ಹತ್ತಿರ ಎರಡು ನಕ್ಷತ್ರಗುಚ್ಛಗಳಿವೆ, ಮಲಗಿಕೊಂಡೇ ನೋಡಬಹುದು.

ಇಲ್ಲಿಂದ ನಿಮ್ಮ ಪಾಠ ನಿಲ್ಲಲಿ. "ಇದಕ್ಕೆ ನಿಮ್ಮೂರಲ್ಲಿ ಏನಂತಾರೆ?" ಎಂದು ಕೇಳಿ. ಆಗಸ್ಟ್ ಮಧ್ಯದಲ್ಲಿ, ರಾತ್ರಿ ಒಂಬತ್ತರ ಹೊತ್ತಿಗೆ ಉತ್ತರ ದಿಗಂತದ ಹತ್ತಿರ ನಮ್ಮ ಅಭಿಜಿತ್, ಅದರ ಬಲಕ್ಕೆ ಮೇಲೆ ಶ್ರವಣ. ಜಪಾನಿನವನಿಗೂ ತೈವಾನಿನವಳಿಗೂ ಅವು ಆಕಾಶಗಂಗೆಯ ಎರಡು ದಡದಲ್ಲಿ ಅಗಲಿ ನಿಂತ ನೇಯ್ಗೆಯ ಹುಡುಗಿ ಮತ್ತು ದನ ಕಾಯುವ ಹುಡುಗ; ವರ್ಷಕ್ಕೆ ಒಂದೇ ರಾತ್ರಿ ಸೇರುತ್ತಾರೆ. ಇಬ್ಬರೂ ಒಂದೇ ಕಥೆಯನ್ನು ತಮ್ಮ ತಮ್ಮ ಊರಿನದು ಎಂದು ಜಗಳಕ್ಕೆ ನಿಂತರು. ಅದಕ್ಕಿಂತ ಮೊದಲು ಅವರಿಬ್ಬರೂ ಒಬ್ಬರಿಗೊಬ್ಬರು ಗುಡ್ ಮಾರ್ನಿಂಗ್ ಬಿಟ್ಟು ಏನೂ ಹೇಳಿದ್ದಿಲ್ಲ. ಹಾಗೆಯೇ ಕೃತ್ತಿಕೆಯ ಜಪಾನಿ ಹೆಸರು ಸುಬಾರು. ತೋಟದಲ್ಲಿ ನಿಂತ ಹಳೇ ಸುಬಾರು ಕಾರಿನ ಮುಂಭಾಗದಲ್ಲಿರುವ ಆರು ಚುಕ್ಕೆ ಅದೇ ಎಂದು ಫ್ರೆಂಚ್ ಹುಡುಗನಿಗೆ ಅಂದೇ ಗೊತ್ತಾದದ್ದು.

ಸಂಜೆಗೆ ಸಿಗದ ಕೆಲವು ಇವೆ. ಅಗಸ್ತ್ಯ, ಮೆಗೆಲಾನಿಕ್ ಮೋಡಗಳೆಂಬ ಎರಡು ಪುಟ್ಟ ಗೆಲಾಕ್ಸಿಗಳು ಚಳಿಗಾಲದ ಸಂಜೆ ತೀರ ಕೆಳಗಿರುತ್ತವೆ. ಬೆಳಗಿನ ಐದಕ್ಕೆ ಎದ್ದು ಹಲ್ಲುಜ್ಜುತ್ತಾ ಹಿತ್ತಲಿಗೆ ಬನ್ನಿ: ಆಗ್ನೇಯದಲ್ಲಿ ಅಗಸ್ತ್ಯ, ದಕ್ಷಿಣದಲ್ಲಿ ಹತ್ತಿ ಹಿಂಜಿದಂಥ ಎರಡು ತುಣುಕು. ದೊಡ್ಡದು ಸುಮಾರು 1,60,000 ಜ್ಯೋತಿರ್ವರ್ಷ ದೂರ. ಬೆಂಗಳೂರಿನಿಂದ ಆ ಎರಡು ಮೋಡಗಳನ್ನು ಕಾಣುವುದು ಬಹುಮಟ್ಟಿಗೆ ಆಗದ ಮಾತು. ಆಗಸ್ಟ್ ಕಳೆದರೆ ಅದೇ ಹೊತ್ತಿಗೆ ಪೂರ್ವದಲ್ಲಿ ಮಹಾವ್ಯಾಧ ತಲೆಕೆಳಗಾಗಿ ಎದ್ದಿರುತ್ತಾನೆ. ಅಲ್ಲಿನವರು ಅವನ ಸೊಂಟಪಟ್ಟಿ, ಕತ್ತಿಯನ್ನು ಸಾಸ್‌ಪ್ಯಾನ್ ಎಂದು ಕರೆಯುತ್ತಾರೆ.

## ಹಂತ 8: ವಾಪಸು ಬರುವ ದಾರಿ

ಮುಸ್ಸಂಜೆಯಿಂದ ಬೆಳಕು ಹರಿಯುವವರೆಗೆ ರಸ್ತೆ ಕಾಂಗರೂಗಳದ್ದು. ಊರಾಚೆ 80ರ ಮೇಲೆ ಹೋಗಬೇಡಿ. ಎದುರಿಗೆ ಹಾರಿದರೆ ನೇರವಾಗಿಯೇ ಬ್ರೇಕ್ ಹಾಕಿ. ಸ್ಟಿಯರಿಂಗ್ ತಿರುಗಿಸಿದವರೇ ಮರಕ್ಕೆ ಗುದ್ದುವುದು, ಮಗುಚುವುದು. ಒಂದು ದಾಟಿತೆಂದು ವೇಗ ಹೆಚ್ಚಿಸಬೇಡಿ, ಹಿಂದೆ ಇನ್ನೊಂದು ಇರುತ್ತದೆ. ಬಾಡಿಗೆ ಕಾರಾದರೆ ಕರಾರು ಓದಿ: ಊರ ಹೊರಗೆ ರಾತ್ರಿ ಪ್ರಾಣಿಗೆ ಗುದ್ದಿದರೆ ವಿಮೆ ಇಲ್ಲ ಎಂದು ಹಲವು ಕಂಪನಿಗಳು ಸಣ್ಣಕ್ಷರದಲ್ಲಿ ಬರೆದಿರುತ್ತವೆ.

ತುರ್ತಿಗೆ 000, ಮೊಬೈಲಿನಿಂದ 112ಕ್ಕೆ ಮಾಡಿದರೂ ಅಲ್ಲಿಗೇ ಹೋಗುತ್ತದೆ. ಎಮರ್ಜೆನ್ಸಿ ಪ್ಲಸ್ ಆ್ಯಪ್ ನೀವಿರುವ ಜಾಗವನ್ನು ಅಂಕಿಗಳಲ್ಲಿ ತೋರಿಸುತ್ತದೆ. ಹೆಸರಿಲ್ಲದ ಮಣ್ಣುರಸ್ತೆಯಲ್ಲಿ ನಿಂತು "ಕಿತ್ತಳೆ ತೋಟದ ಹತ್ತಿರ" ಎಂದರೆ ಆ ಸೀಮೆಯಲ್ಲಿ ಯಾವ ಪ್ರಯೋಜನವೂ ಇಲ್ಲ.

## ಹಂತ 9: ಕೆಡುತ್ತಿದೆ ಎಂದು ತಿಳಿಯುವ ಗುರುತುಗಳು

ಸತತ ಎರಡು ತಿಂಗಳು ಒಬ್ಬರೇ ಹೋಗುತ್ತಿದ್ದೀರಿ. ಬಂದವರು ಅರ್ಧ ಗಂಟೆಗೆ ಗಡಿಯಾರ ನೋಡುತ್ತಾರೆ: ನೀವು ಪಾಠ ಹೆಚ್ಚು ಮಾಡುತ್ತಿದ್ದೀರಿ. ಮರುದಿನ ಏಣಿಯ ಮೇಲೆ ಕಣ್ಣು ಎಳೆಯುತ್ತದೆ: ಆ ತಿಂಗಳು ಬಿಡಿ. ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡವನ ಸೀಸನ್ ಅಲ್ಲಿಗೇ ಮುಗಿದದ್ದನ್ನು ನೋಡಿದ್ದೇನೆ.

ರಜೆಯ ದಿನವೂ ಹಾಸಿಗೆಯಿಂದ ಏಳಲು ಮನಸ್ಸಾಗದೆ, ಮನೆಯ ಫೋನನ್ನೂ ಎತ್ತದೆ ವಾರ ಕಳೆದರೆ ಅದು ದಣಿವಲ್ಲ. ಮನಸ್ಸಿನ ಕಷ್ಟ ಕೇಳುವ ಸಹಾಯವಾಣಿ ಲೈಫ್‌ಲೈನ್ 13 11 14ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಮೊದಲು ಪಕ್ಕದ ಮಂಚದವರಿಗೆ ಹೇಳಿ.

ಕೆಲಸದ ಕಡೆಯ ಗುರುತುಗಳು ಬೇರೆ. ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತೇನೆ ಎನ್ನುವವರು, ಪೇಸ್ಲಿಪ್ ಕೊಡದವರು, ಬಿನ್ ಲೆಕ್ಕದ ಕೂಲಿ ಎಷ್ಟು ಬಂದರೂ ಅಷ್ಟೇ ಎನ್ನುವವರು. 2022ರ ಏಪ್ರಿಲ್ 28ರಿಂದ ತೋಟಗಾರಿಕೆಯಲ್ಲಿ ಬಿನ್ ಲೆಕ್ಕದವರಿಗೂ ಗಂಟೆಗೆ ಕನಿಷ್ಠ ಕೂಲಿಯ ಖಾತರಿ ಇದೆ. ನನಗೂ ಒಂದು ವಾರ ಕಡಿಮೆ ಹಾಕಿದ್ದರು. ಗಂಟೆಗಳನ್ನು ದಿನವೂ ಪುಸ್ತಕದಲ್ಲಿ ಬರೆದಿಟ್ಟಿದ್ದೆ, ಅದನ್ನು ತೋರಿಸಿದ ಮೇಲೆ ಸರಿಪಡಿಸಿದರು. ಸರಿಪಡಿಸದಿದ್ದರೆ ಕೂಲಿಯ ದೂರು ನೋಡುವ ಸರ್ಕಾರಿ ಕಚೇರಿ ಫೇರ್ ವರ್ಕ್ ಆಂಬುಡ್ಸ್‌ಮನ್, 13 13 94.

## ಹಂತ 10: ಮನೆಗೆ ಫೋನ್

ಅಡಿಲೇಡ್ ಸಮಯ ನಮಗಿಂತ ನಾಲ್ಕು ಗಂಟೆ ಮುಂದೆ, ಅಕ್ಟೋಬರಿನ ಮೊದಲ ಭಾನುವಾರದಿಂದ ಏಪ್ರಿಲಿನ ಮೊದಲ ಭಾನುವಾರದವರೆಗೆ ಐದು ಗಂಟೆ. ಅಮ್ಮ ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಮಾಡಿದರೆ ನಿಮಗೆ ನಡುರಾತ್ರಿ ಒಂದು, ಬೇಸಿಗೆಯಲ್ಲಿ ಎರಡು. ಹೀಗೆ ನಿದ್ದೆ ಕೆಡಿಸಿಕೊಂಡವರೇ ಸಂಜೆಯ ಊಟಕ್ಕೂ ಆಕಾಶಕ್ಕೂ ಇಲ್ಲದವರಾಗುವುದು. ಕೆಲಸ ಮುಗಿಸಿ ಐದೂವರೆಗೆ ನೀವೇ ಮಾಡಿ. ಅಲ್ಲಿ ಮಧ್ಯಾಹ್ನದ ಊಟ ಮುಗಿದ ಹೊತ್ತು. ನಕ್ಷತ್ರದ ರಾತ್ರಿ ಇವತ್ತು ಫೋನಿಲ್ಲ ಎಂದು ಮೊದಲೇ ಹೇಳಿಬಿಡಿ.

ಈ ನಿಯಮ ನಾನು ಒಮ್ಮೆ ಮುರಿದೆ. 2025ರ ಸೆಪ್ಟೆಂಬರ್ 8ರ ನಸುಕಿನ ಮೂರಕ್ಕೆ, ಖಗ್ರಾಸ ಚಂದ್ರಗ್ರಹಣ ಹಿಡಿಯುವಾಗ. ಊರಲ್ಲಿ ಅದು ಏಳನೇ ತಾರೀಖು ಭಾನುವಾರ ರಾತ್ರಿ ಹನ್ನೊಂದು. ಅಮ್ಮ ದರ್ಭೆ ಹಾಕಿಟ್ಟು ಒಳಗಿದ್ದರು, ಅಪ್ಪ ಮಾತ್ರ ಜಗಲಿಗೆ ಬಂದರು. ಇಲ್ಲಿ ಹಿತ್ತಲಲ್ಲಿ ಕಂಬಳಿ ಹೊದ್ದ ಐದು ಜನ, ಅಲ್ಲಿ ಅಪ್ಪ ಒಬ್ಬರೇ. "ಕೆಂಪಗಾಯ್ತೇನೋ?" ಎಂದರು. ಆಯ್ತು ಅಂದೆ. "ನಮ್ಗೂ ಆಯ್ತು. ಮೊಲ ಕಾಣ್ತದಾ ನಿಂಗೆ?" ಕಾಣುತ್ತಿತ್ತು, ತಲೆಕೆಳಗಾಗಿ.

## ಹಂತ 11: ಬಿಟ್ಟು ಹೊರಡುವ ವಾರ

ಆರು ತಿಂಗಳ ಮಿತಿ, ಇಲ್ಲವೇ ಬೆಳೆ ಮುಗಿಯುವುದು, ಯಾವುದು ಮೊದಲೋ ಅದಕ್ಕೆ ಗುಂಪು ಚದುರುತ್ತದೆ. ಅಡಿಲೇಡ್ ಮೇಲೆ ಹೋಗುವವರು ಸೌತ್ ಆಸ್ಟ್ರೇಲಿಯಾದ ಖಗೋಳ ಸಂಘದವರು ಸ್ಟಾಕ್‌ಪೋರ್ಟ್ ವೀಕ್ಷಣಾಲಯದಲ್ಲಿ ಸಾರ್ವಜನಿಕರಿಗೆ ನಡೆಸುವ ರಾತ್ರಿಗಳ ತಾರೀಖು ನೋಡಿಕೊಂಡರೆ ದೊಡ್ಡ ದೂರದರ್ಶಕದಲ್ಲಿ ಒಮ್ಮೆ ಕಣ್ಣಿಡಬಹುದು.

ಹೊರಡುವ ಮೊದಲು ನಿಮ್ಮ ಜಾಗದ ನಕ್ಷೆ ಬರೆದು ಹಾಸ್ಟೆಲ್ ಅಡುಗೆಮನೆಯ ಫ್ರಿಜ್ ಮೇಲೆ ಅಂಟಿಸಿ: ಯಾವ ಗೇಟು, ಯಾರನ್ನು ಕೇಳಬೇಕು, ಕಾರು ಎಲ್ಲಿ ನಿಲ್ಲಿಸಬೇಕು, ಮುಂದಿನ ಮೂರು ಅಮಾವಾಸ್ಯೆಯ ತಾರೀಖು. ಟಾರ್ಪಾಲು, ಫ್ಲಾಸ್ಕ್ ಅಲ್ಲೇ ಬಿಡಿ. ಬೈನಾಕ್ಯುಲರ್ ಬಿಡಬೇಡಿ, ಅದು ಮುಂದಿನ ಊರಿಗೂ ಬೇಕು.